ಗ್ಲಾಸ್ಗೊ ಮುದ್ರೆಯ ಹಳೆಯ ವಸ್ತುಗಳು: ಯಾವುದನ್ನು ಕೊಳ್ಳುವುದು, ಯಾವುದನ್ನು ಬಿಡುವುದು

ಲಾಲ್‌ಬಾಗಿನ ಗಾಜಿನ ಮನೆಯ ಎರಕದ ಕಬ್ಬಿಣವೂ ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳೂ ಗ್ಲಾಸ್ಗೊ ನಗರದ ಒಂದೇ ಎರಕಶಾಲೆಯಿಂದ, ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸ್ಯಾರಸೆನ್ ಫೌಂಡ್ರಿಯಿಂದ, ಹಡಗೇರಿ ಬಂದವು. ನಮ್ಮ ಊರುಗಳ ಹಳೆಯ ದರ್ಜಿ ಅಂಗಡಿಗಳಲ್ಲಿ ಇನ್ನೂ ಓಡುತ್ತಿರುವ ಸಿಂಗರ್ ಯಂತ್ರಗಳಲ್ಲಿ ಅನೇಕವು ಅದೇ ನಗರದ ಪಕ್ಕದ ಕ್ಲೈಡ್‌ಬ್ಯಾಂಕಿನಲ್ಲಿ ತಯಾರಾದವು. ಈ ನಂಟಿನಿಂದಲೋ, ಓದಲು ದುಡಿಯಲು ಅಲ್ಲಿಗೆ ಹೋಗಿಬಂದವರು ಹುಟ್ಟಿಸಿದ ಆಸಕ್ತಿಯಿಂದಲೋ, ಸ್ಕಾಟ್ಲೆಂಡಿನ ಕೈಗಾರಿಕಾ ಕಾಲದ ವಸ್ತುಗಳನ್ನು ಸಂಗ್ರಹಿಸಬೇಕೆನ್ನುವವರು ಈಗ ನಮ್ಮಲ್ಲೂ ಇದ್ದಾರೆ. ಅವರೆಲ್ಲರೂ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಕೈಯಲ್ಲಿ ಇಷ್ಟು ಹಣವಿದೆ, ಮನೆಯಲ್ಲಿ ಇಷ್ಟು ಜಾಗವಿದೆ, ರೈಲು ಎಂಜಿನ್ನಿನ ಫಲಕ ಕೊಳ್ಳುವುದೋ, ಹಡಗಿನ ಹಿತ್ತಾಳೆ ಉಪಕರಣವೋ, ಗಣಿಯ ಬಿಲ್ಲೆಯೋ, ಹೊಲಿಗೆ ಯಂತ್ರವೋ, ಬರೀ ಕಾಗದಪತ್ರವೋ?

ಉತ್ತರಕ್ಕೆ ಮೊದಲು ಅಳತೆಗೋಲುಗಳನ್ನು ಹೇಳಿಬಿಡುತ್ತೇನೆ.

ಮೊದಲನೆಯದು ಗುರುತು. ವಸ್ತುವಿನ ಮೈಮೇಲೆಯೇ ತಯಾರಕರ ಹೆಸರು, ಊರು, ಸಂಖ್ಯೆ, ಇಸವಿ ಇವೆಯೇ? ಇದ್ದರೆ ಆ ಸಂಖ್ಯೆಯನ್ನು ಯಾವುದಾದರೂ ಕಾರ್ಖಾನೆಯ ದಾಖಲೆಯೊಡನೆ ಹೊಂದಿಸಿ ನೋಡಲು ಸಾಧ್ಯವೇ? ಎರಡನೆಯದು ನಕಲಿನ ಹಾವಳಿ: ಆ ಬಗೆಯ ವಸ್ತುವನ್ನು ಸುಳ್ಳಾಗಿ ತಯಾರಿಸುವುದು ಎಷ್ಟು ಸುಲಭ, ಅದನ್ನು ಪತ್ತೆಹಚ್ಚುವುದು ಎಷ್ಟು ಕಷ್ಟ. ಮೂರನೆಯದು ತೂಕ ಮತ್ತು ಸಾಗಣೆ. ನಾಲ್ಕನೆಯದು ಕಾಪಾಡುವ ಕಷ್ಟ. ಮಂಗಳೂರಿನ ಮಳೆಗಾಲದ ತೇವದಲ್ಲಿ ಉಳಿಯುವ ವಸ್ತುವೇ ಬೇರೆ, ಎಡಿನ್‌ಬರೋದ ಬೆಚ್ಚಗಿನ ಕೋಣೆಯಲ್ಲಿ ಉಳಿಯುವ ವಸ್ತುವೇ ಬೇರೆ. ಐದನೆಯದು ಕಾನೂನು. ಬೆಲೆಯನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ, ಏಕೆಂದರೆ ಈ ಐದರಲ್ಲಿ ಸೋತ ವಸ್ತು ಎಷ್ಟು ಅಗ್ಗವಾಗಿ ಸಿಕ್ಕರೂ ದುಬಾರಿಯೇ.

ಈ ಐದರಲ್ಲಿ ಗುರುತಿಗೆ ನಾನು ಕೊಡುವ ತೂಕ ಉಳಿದ ನಾಲ್ಕಕ್ಕೂ ಸೇರಿ ಕೊಡುವುದಕ್ಕಿಂತ ಹೆಚ್ಚು. ಕಾರಣ ಸರಳವಾಗಿದೆ. ಸ್ಕಾಟ್ಲೆಂಡಿನ ಭಾರಿ ಕೈಗಾರಿಕೆಯ ಬಹುಪಾಲು ಇಂದು ನೆಲದ ಮೇಲೆ ಉಳಿದಿಲ್ಲ. 1759ರಲ್ಲಿ ಫಾಲ್‌ಕರ್ಕ್ ಬಳಿ ಆರಂಭವಾದ ಕ್ಯಾರನ್ ಕಬ್ಬಿಣದ ಕಾರ್ಖಾನೆ 1982ರಲ್ಲಿ ದಿವಾಳಿಯಾಯಿತು. ಮೊದಲ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಹಡಗುಗಳಲ್ಲಿ ಸುಮಾರು ಐದರಲ್ಲೊಂದು ಪಾಲನ್ನು ಕಟ್ಟುತ್ತಿದ್ದ ಕ್ಲೈಡ್ ನದಿಯ ದಡದಲ್ಲಿ ಈಗ ಬೆರಳೆಣಿಕೆಯ ಹಡಗುಕಟ್ಟೆಗಳಷ್ಟೇ ಕೆಲಸ ಮಾಡುತ್ತಿವೆ. ಕಾರ್ಖಾನೆಯೇ ಇಲ್ಲದ ಮೇಲೆ ಅದರ ಹೆಸರು, ಸಂಖ್ಯೆಗಳನ್ನು ಹೊತ್ತ ಒಂದು ತುಂಡು ಲೋಹವೇ ಸಾಕ್ಷಿ. ಹೆಸರಿಲ್ಲದ ಹಿತ್ತಾಳೆ ಎಷ್ಟು ಹೊಳೆದರೂ ಅದು ಬರೀ ಹಿತ್ತಾಳೆ.

ಎಂಜಿನ್ ಫಲಕಗಳು

ಉಗಿ ಎಂಜಿನ್ನಿನ ಪಕ್ಕದಲ್ಲಿ ಬೋಲ್ಟ್ ಹಾಕಿ ಕೂರಿಸುತ್ತಿದ್ದ ತಯಾರಕರ ಫಲಕ ಈ ಹವ್ಯಾಸದ ಅರಸು. ನೀಲ್ಸನ್ ರೀಡ್, ಡಬ್ಸ್, ಶಾರ್ಪ್ ಸ್ಟೂವರ್ಟ್ ಎಂಬ ಮೂರು ಕಂಪನಿಗಳು 1903ರಲ್ಲಿ ಒಂದಾಗಿ ಹುಟ್ಟಿದ ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ ಆಗ ಯುರೋಪಿನಲ್ಲೇ ಅತಿ ದೊಡ್ಡ ಎಂಜಿನ್ ತಯಾರಕ ಸಂಸ್ಥೆಯಾಗಿತ್ತು, ಮತ್ತು 1962ರಲ್ಲಿ ಬಾಗಿಲು ಹಾಕುವವರೆಗೆ ಭಾರತ ಅದರ ದೊಡ್ಡ ಗಿರಾಕಿಗಳಲ್ಲಿ ಒಂದಾಗಿತ್ತು. ಡಾರ್ಜಿಲಿಂಗಿನ ಪುಟ್ಟ ರೈಲಿನ ‘ಬಿ’ ವರ್ಗದ ಎಂಜಿನ್‌ಗಳನ್ನು 1889ರಿಂದ ಮೊದಲು ಕಟ್ಟಿದ್ದು ಶಾರ್ಪ್ ಸ್ಟೂವರ್ಟ್. ಸ್ವಾತಂತ್ರ್ಯಾನಂತರ ಸರಕು ಸಾಗಿಸಿದ ‘ಡಬ್ಲ್ಯುಜಿ’ ವರ್ಗದ ಮೊದಲ ಎಂಜಿನ್‌ಗಳಲ್ಲಿ ಅನೇಕವು ಬಂದದ್ದೂ ಗ್ಲಾಸ್ಗೊದಿಂದಲೇ.

ಗುರುತಿನ ಅಳತೆಯಲ್ಲಿ ಈ ಫಲಕಗಳಿಗೆ ಪೂರ್ಣಾಂಕ ಕೊಡಬೇಕು. ಕಂಪನಿಯ ಹೆಸರು, ಊರು, ಕಾರ್ಖಾನೆಯ ಸಂಖ್ಯೆ, ಇಸವಿ ನಾಲ್ಕೂ ಉಬ್ಬಕ್ಷರದಲ್ಲಿರುತ್ತವೆ, ಮತ್ತು ಆ ಒಂದು ಸಂಖ್ಯೆಯಿಂದ ಅದು ಯಾವ ಎಂಜಿನ್, ಯಾವ ರೈಲ್ವೆಗೆ ಹೋಯಿತು ಎಂಬುದನ್ನು ಪಟ್ಟಿಗಳಲ್ಲಿ ಹುಡುಕಬಹುದು. ಆಕಾರವೂ ಮಾತನಾಡುತ್ತದೆ. ಡಬ್ಸ್ ಕಂಪನಿಯ ಫಲಕ ವಜ್ರಾಕೃತಿಯದು. ವಿಲೀನದ ನಂತರವೂ ಅದರ ಕ್ವೀನ್ಸ್ ಪಾರ್ಕ್ ಕಾರ್ಖಾನೆ ಅದೇ ಆಕಾರವನ್ನು ಬಿಡಲಿಲ್ಲ, ನೀಲ್ಸನ್ನರ ಹೈಡ್ ಪಾರ್ಕ್ ಕಾರ್ಖಾನೆಯಿಂದ ಹೊರಟವು ದುಂಡಗಿನವು. ಹೈಡ್ ಪಾರ್ಕಿನದೆಂದು ಹೇಳುವ ಎಂಜಿನ್ನಿಗೆ ವಜ್ರಾಕಾರದ ಫಲಕ ತೋರಿಸಿದರೆ ಪ್ರಶ್ನೆ ಕೇಳಲು ಅಷ್ಟು ಸಾಕು.

ನಕಲಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು, ಏಕೆಂದರೆ ಮೂಲ ಫಲಕವನ್ನೇ ಅಚ್ಚಾಗಿಟ್ಟು ಮರಳಿನಲ್ಲಿ ಇನ್ನೊಂದನ್ನು ಎರಕ ಹೊಯ್ಯುವುದು ಯಾವುದೇ ಚಿಕ್ಕ ಫೌಂಡ್ರಿಗೂ ಕಷ್ಟದ ಕೆಲಸವಲ್ಲ. ಆದರೆ ಎರಕದ ಭೌತಶಾಸ್ತ್ರ ನಕಲುಗಾರನ ವಿರುದ್ಧವಿದೆ. ಕರಗಿದ ಹಿತ್ತಾಳೆ ಗಟ್ಟಿಯಾಗಿ ತಣ್ಣಗಾಗುವಾಗ ಸುಮಾರು ಶೇ 1.5ರಷ್ಟು, ಎರಕದ ಕಬ್ಬಿಣ ಸುಮಾರು ಶೇ 1ರಷ್ಟು ಕುಗ್ಗುತ್ತದೆ. ಮೂಲ ಅಚ್ಚು ಮಾಡಿದ ಬಡಗಿ ಈ ಕುಗ್ಗುವಿಕೆಯನ್ನು ಲೆಕ್ಕ ಹಿಡಿದು ಮರದ ಅಚ್ಚನ್ನು ಅಷ್ಟು ದೊಡ್ಡದಾಗಿ ಕೆತ್ತಿರುತ್ತಾನೆ. ಫಲಕದಿಂದಲೇ ಫಲಕ ತೆಗೆಯುವವನಿಗೆ ಆ ಅವಕಾಶವಿಲ್ಲ. ಹಾಗಾಗಿ 300 ಮಿಲಿಮೀಟರ್ ಅಗಲದ ಹಿತ್ತಾಳೆ ಫಲಕದ ನಕಲು ನಾಲ್ಕೈದು ಮಿಲಿಮೀಟರ್ ಚಿಕ್ಕದಾಗಿರುತ್ತದೆ, ಅಕ್ಷರಗಳ ಅಂಚು ಮೊಂಡಾಗಿರುತ್ತದೆ. ಅದೇ ಮಾದರಿಯ, ಅನುಮಾನಕ್ಕೆಡೆಯಿಲ್ಲದ ಫಲಕವೊಂದರ ಅಳತೆ ಗೊತ್ತಿದ್ದರೆ ಒಂದು ಉಕ್ಕಿನ ಅಳತೆಪಟ್ಟಿ ಸಾಕು. ಅಳತೆ ಸಿಗದಿದ್ದರೆ ಫಲಕವನ್ನು ತಿರುಗಿಸಿ ನೋಡಿ: ಬೋಲ್ಟಿನ ತೂತುಗಳ ಅಂಚು ಸವೆದಿದೆಯೇ, ಹಿಂಬದಿಯಲ್ಲಿ ಬಣ್ಣದ ಮೇಲೆ ಬಣ್ಣ ಕೂತ ಪದರಗಳಿವೆಯೇ, ಮಸಿ ಮತ್ತು ಎಣ್ಣೆ ಮೂಲೆಗಳಲ್ಲಿ ಗಟ್ಟಿಯಾಗಿವೆಯೇ. ಎದುರಿನ ಮುಖವನ್ನು ಹಳತುಗೊಳಿಸುವವರು ಬೆನ್ನಿನ ಕಡೆ ಅಷ್ಟು ಶ್ರಮ ಪಡುವುದಿಲ್ಲ. ಸಾಮಾನ್ಯವಾಗಿ ಎಂಜಿನ್ನಿನ ಎರಡು ಪಕ್ಕಕ್ಕೂ ಒಂದೊಂದು ಫಲಕವಿರುತ್ತಿದ್ದುದರಿಂದ ಒಂದೇ ಸಂಖ್ಯೆಯ ಎರಡು ಅಸಲಿ ಫಲಕಗಳು ಇರಬಹುದು, ಮೂರನೆಯದು ಕಂಡರೆ ಒಂದಂತೂ ಸುಳ್ಳು.

ಬೆಲೆ? ಬ್ರಿಟನ್ನಿನ ರೈಲ್ವೆ ವಸ್ತುಗಳ ಹರಾಜಿನಲ್ಲಿ ಹೆಸರಾಂತ ವರ್ಗದ ಎಂಜಿನ್ನಿನ ಫಲಕ ನೂರಾರು ಪೌಂಡಿನಿಂದ ಆರಂಭವಾಗಿ ಸಾವಿರ ದಾಟುವುದು ಅಪರೂಪವಲ್ಲ. ಅಷ್ಟು ಕೈಲಾಗದವರಿಗೆ ಕಿಲ್ಮಾರ್ನಾಕಿನ ಆಂಡ್ರೂ ಬಾರ್ಕ್ಲೇ ಕಂಪನಿಯನ್ನು ನೋಡಿ ಎನ್ನುತ್ತೇನೆ. ಕಲ್ಲಿದ್ದಲು ಗಣಿ, ಉಕ್ಕಿನ ಕಾರ್ಖಾನೆ, ಬಂದರುಗಳ ಒಳಗೆ ಬಂಡಿ ಎಳೆಯುತ್ತಿದ್ದ ಚಿಕ್ಕ ಎಂಜಿನ್‌ಗಳನ್ನು ಅದು ಕಟ್ಟಿತು. ಅವುಗಳಿಗೆ ಎಕ್ಸ್‌ಪ್ರೆಸ್ ಎಂಜಿನ್ನಿನ ವೈಭವವಿಲ್ಲ, ಹಾಗಾಗಿ ಸ್ಪರ್ಧೆಯೂ ಕಡಿಮೆ, ಗುರುತು ಮಾತ್ರ ಅಷ್ಟೇ ಸ್ಪಷ್ಟ.

ಭಾರತದಲ್ಲಿ ಕೊಳ್ಳುವವರಿಗೆ ಇಲ್ಲಿ ಒಂದು ಗಂಭೀರ ತೊಡಕಿದೆ. ಗುಜರಿ ಅಂಗಡಿಯಲ್ಲಿ ಸಿಕ್ಕ ಎಂಜಿನ್ ಫಲಕ ರೈಲ್ವೆಯಿಂದ ಕದ್ದದ್ದೆಂದು ಅನುಮಾನ ಬಂದರೆ, ಅದನ್ನು ನ್ಯಾಯವಾಗಿಯೇ ಪಡೆದೆನೆಂದು ತೋರಿಸುವ ಹೊಣೆಯನ್ನು 1966ರ ರೈಲ್ವೆ ಆಸ್ತಿ ಅಕ್ರಮ ಸ್ವಾಧೀನ ಕಾಯ್ದೆ ಇಟ್ಟುಕೊಂಡವರ ಮೇಲೆಯೇ ಹಾಕುತ್ತದೆ. ರೈಲ್ವೆಯ ಹರಾಜಿನ ರಸೀದಿಯಿಂದ ನಿಮ್ಮವರೆಗಿನ ಕಾಗದದ ಸರಪಳಿ ಇಲ್ಲದ ಫಲಕವನ್ನು ಮುಟ್ಟಬೇಡಿ, ಅದು ಎಷ್ಟೇ ಅಸಲಿಯಾಗಿರಲಿ.

ಹೊಲಿಗೆ ಯಂತ್ರ

ಕನ್ನಡ ನಾಡಿನಲ್ಲೇ ಕೂತು ಸಂಗ್ರಹಿಸುವವರಿಗೆ ನನ್ನ ಮೊದಲ ಸಲಹೆ ಇದು. ಸಿಂಗರ್ ಅಮೆರಿಕದ ಕಂಪನಿ ನಿಜ, ಆದರೆ 1880ರ ದಶಕದಲ್ಲಿ ಅದು ಕ್ಲೈಡ್‌ಬ್ಯಾಂಕಿನ ಕಿಲ್‌ಬೋವಿಯಲ್ಲಿ ಕಟ್ಟಿದ ಕಾರ್ಖಾನೆ ಜಗತ್ತಿನ ಅತಿ ದೊಡ್ಡ ಹೊಲಿಗೆ ಯಂತ್ರದ ಕಾರ್ಖಾನೆಯಾಗಿ ಬೆಳೆದು 1980ರಲ್ಲಿ ಮುಚ್ಚಿತು. ಅಲ್ಲಿನ ಕೆಲಸಗಾರರು 1911ರಲ್ಲಿ ನಡೆಸಿದ ಮುಷ್ಕರ ಸ್ಕಾಟ್ಲೆಂಡಿನ ಕಾರ್ಮಿಕ ಚರಿತ್ರೆಯ ಒಂದು ತಿರುವು. ಕಾರ್ಖಾನೆ ಹೋದರೂ ಆ ಊರಿನ ರೈಲು ನಿಲ್ದಾಣದ ಹೆಸರು ಇಂದಿಗೂ ಸಿಂಗರ್.

ಗುರುತು ಹಿಡಿಯುವುದು ಬಲು ಸುಲಭ. ಮಾದರಿ ಸಂಖ್ಯೆಯ ಕೊನೆಯಲ್ಲಿ ಇಂಗ್ಲಿಷಿನ ‘ಕೆ’ ಅಕ್ಷರವಿದ್ದರೆ ಅದು ಕಿಲ್‌ಬೋವಿಯದು: 15ಕೆ, 28ಕೆ, 66ಕೆ, 99ಕೆ, 201ಕೆ ಹೀಗೆ. ಯಂತ್ರದ ಅಡಿಹಲಗೆಯ ಮೇಲೆ ಬಲಗಡೆ ಒತ್ತಿದ ಸೀರಿಯಲ್ ನಂಬರಿನಿಂದ ಆ ಸಂಖ್ಯೆಗಳ ಕಂತನ್ನು ಕಾರ್ಖಾನೆಗೆ ಹಂಚಿಕೊಟ್ಟ ವರ್ಷ ತಿಳಿಯುತ್ತದೆ. ಅದು ಹಂಚಿಕೆಯ ವರ್ಷವೇ ಹೊರತು ಯಂತ್ರ ತಯಾರಾದ ದಿನವಲ್ಲ ಎಂಬುದನ್ನು ಮಾರುವವರು ಮರೆಯುತ್ತಾರೆ. ಒಂದು ಕಂತು ಮುಗಿಯಲು ತಿಂಗಳುಗಳೇ ಹಿಡಿಯುತ್ತಿದ್ದವು. ವೆಸ್ಟ್ ಡನ್‌ಬಾರ್ಟನ್‌ಶೈರ್ ಸ್ಥಳೀಯ ಆಡಳಿತ ಸಿಂಗರ್ ಯಂತ್ರಗಳ ದೊಡ್ಡ ಸಂಗ್ರಹವನ್ನೂ ಕಾರ್ಖಾನೆಯ ಕಾಗದಪತ್ರಗಳನ್ನೂ ಕಾಪಾಡಿಕೊಂಡು ಬಂದಿರುವುದರಿಂದ ಹೋಲಿಸಿ ನೋಡಲು ಆಧಾರವಿದೆ.

ನಮ್ಮಲ್ಲಿನ ಯಂತ್ರಗಳ ಸಮಸ್ಯೆ ಬೇರೆ ಬಗೆಯದು. ಅವು ದುಡಿದ ಯಂತ್ರಗಳು. ಅರ್ಧ ಶತಮಾನ ಓಡಿದ ಯಂತ್ರಕ್ಕೆ ಬೇರೆಯದರ ಚಕ್ರ, ಲೂಧಿಯಾನದಲ್ಲಿ ತಯಾರಾದ ಬಿಡಿಭಾಗ, ಹೊಸ ಕಪ್ಪು ಬಣ್ಣ, ಅದರ ಮೇಲೆ ಅಂಟಿಸಿದ ಹೊಸ ಚಿನ್ನದ ಚಿತ್ತಾರ ಸೇರಿಕೊಂಡಿರುವುದೇ ಹೆಚ್ಚು. ಲೂಧಿಯಾನದ ಯಂತ್ರಗಳು 15ರ ಮಾದರಿಯನ್ನು ಎಷ್ಟು ಚೆನ್ನಾಗಿ ಅನುಸರಿಸಿವೆಯೆಂದರೆ ದೂರದಿಂದ ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ಬಣ್ಣ, ಚಿತ್ತಾರಗಳನ್ನು ನಂಬಬೇಡಿ; ಕಂಬದ ಬುಡದಲ್ಲಿ ರಿವೆಟ್ ಹೊಡೆದ ಹಿತ್ತಾಳೆ ಬಿಲ್ಲೆಯನ್ನೂ ಸೀರಿಯಲ್ ನಂಬರಿನ ಅಕ್ಷರಗಳನ್ನೂ ಒಟ್ಟಿಗೆ ಪರೀಕ್ಷಿಸಿ. ಬಣ್ಣ ಹೊಡೆಯುವಾಗ ನಂಬರಿನ ಗುಳಿಯೊಳಗೆ ತುಂಬಿಕೊಂಡ ಬಣ್ಣ, ಮೂಲ ಬಿಲ್ಲೆಯ ಜಾಗದಲ್ಲಿ ಸ್ಕ್ರೂ, ಇವೆರಡೂ ಯಂತ್ರ ಬಿಚ್ಚಿ ಕೂಡಿಸಿದ್ದೆಂಬುದರ ಲಕ್ಷಣ.

ಅಸಲಿ ಚಿತ್ತಾರ ಉಳಿದಿರುವ ಯಂತ್ರ ಸಿಕ್ಕರೆ ಅದನ್ನು ಸ್ಪಿರಿಟ್ ಹಾಕಿ ಒರೆಸಲೇಬಾರದು. ಚಿತ್ತಾರದ ಮೇಲೆ ಬಳಿದ ಅರಗಿನ ಮೆರುಗು ಸ್ಪಿರಿಟಿನಲ್ಲಿ ಕರಗಿ, ಚಿನ್ನದ ಬಣ್ಣವೆಲ್ಲ ಬಟ್ಟೆಗೆ ಬಂದು, ಅಡಿಯಲ್ಲಿ ಬೆಳ್ಳಗಿನ ನೆರಳಷ್ಟೇ ಉಳಿಯುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಮತ್ತು ಮೆತ್ತನೆಯ ಹತ್ತಿ ಬಟ್ಟೆ ಸಾಕು, ತಾಳ್ಮೆ ಹೆಚ್ಚು ಬೇಕು.

ಸಾಗಣೆಯ ಮಾತಿಗೆ ಬಂದರೆ ಎರಕದ ಕಬ್ಬಿಣದ ತಲೆ ಭಾರವಾದ್ದು, ಕಾಲಿನಿಂದ ತುಳಿಯುವ ಸ್ಟ್ಯಾಂಡು ಇನ್ನೂ ಭಾರ. ವಿದೇಶದಿಂದ ತರಿಸುವ ಅಗತ್ಯವೇ ಇಲ್ಲದಿರುವುದು ಇದರ ದೊಡ್ಡ ಗುಣ. ಜಾಗ ಕಡಿಮೆಯಿದ್ದು ಹಣ ಹೆಚ್ಚಿದ್ದವರು 222ಕೆ ಎಂಬ ಅಲ್ಯೂಮಿನಿಯಮ್ ಮೈಯ ಚಿಕ್ಕ ಯಂತ್ರವನ್ನು ಹುಡುಕಬಹುದು. 1950ರ ದಶಕದಿಂದ ಕಿಲ್‌ಬೋವಿಯಲ್ಲಿ ಮಾತ್ರ ತಯಾರಾದ ಅದನ್ನು ಹೊಲಿಯುವವರೂ ಸಂಗ್ರಾಹಕರೂ ಪೈಪೋಟಿಯಲ್ಲಿ ಕೊಳ್ಳುವುದರಿಂದ ಬ್ರಿಟನ್ನಿನಲ್ಲಿ ಬೆಲೆ ನೂರಾರು ಪೌಂಡು ಮುಟ್ಟುತ್ತದೆ. ಸಾಮಾನ್ಯ 15ಕೆ, 66ಕೆಗಳು ಕೋಟ್ಯಂತರ ತಯಾರಾದ ಕುಟುಂಬದವು. ಅವುಗಳ ಬೆಲೆ ಏರುತ್ತದೆಂಬ ಲೆಕ್ಕದಲ್ಲಿ ಕೊಳ್ಳುವುದು ವ್ಯರ್ಥ.

ಹಡಗಿನ ವಸ್ತುಗಳು

ಹೊಸಬರು ಮೊದಲು ಕೈಹಾಕುವುದೂ ಇಲ್ಲಿಗೇ, ಕೈ ಸುಟ್ಟುಕೊಳ್ಳುವುದೂ ಇಲ್ಲೇ. ಕ್ಲೈಡ್ ದಡದ ಜಾನ್ ಬ್ರೌನ್, ಫೇರ್‌ಫೀಲ್ಡ್, ಡಂಬಾರ್ಟನ್ನಿನ ಡೆನ್ನಿ ಎಂಬ ಹಡಗುಕಟ್ಟೆಗಳ ಹೆಸರುಗಳಿಗೆ ಆಕರ್ಷಣೆ ಇದೆ. ಕ್ವೀನ್ ಮೇರಿ ಹಡಗು 1934ರಲ್ಲಿ ನೀರಿಗಿಳಿದದ್ದು ಕ್ಲೈಡ್‌ಬ್ಯಾಂಕಿನಿಂದ. ಆ ಆಕರ್ಷಣೆಯನ್ನೇ ಬಂಡವಾಳ ಮಾಡಿಕೊಂಡು ಮಾರುವ ಕಿಟಕಿ, ದೀಪ, ಗಂಟೆಗಳಲ್ಲಿ ಹೆಚ್ಚಿನವುಗಳ ಮೇಲೆ ತಯಾರಕರ ಗುರುತೇ ಇರುವುದಿಲ್ಲ. ಗುಜರಾತಿನ ಅಲಂಗ್ ಕಡಲ ತೀರದಲ್ಲಿ ಒಡೆದ ಹಡಗಿನ ದುಂಡು ಕಿಟಕಿ ಸುಂದರವಾಗಿರಬಹುದು, ಆದರೆ ಆ ಹಡಗು ಜಪಾನಿನಲ್ಲೋ ಕೊರಿಯಾದಲ್ಲೋ ಕಟ್ಟಿದ್ದಾಗಿರುವ ಸಾಧ್ಯತೆಯೇ ಹೆಚ್ಚು. ಹಡಗಿನ ಹೆಸರು, ಕಟ್ಟೆಯ ಸಂಖ್ಯೆ, ಒಡೆಯುವವರ ರಸೀದಿ ಇಲ್ಲದ ಯಾವುದನ್ನೂ ‘ಕ್ಲೈಡ್’ ಎಂದು ಒಪ್ಪಬೇಡಿ.

ಉಪಕರಣಗಳ ಕಥೆ ಹಾಗಲ್ಲ. ಗ್ಲಾಸ್ಗೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ರೂಪಿಸಿದ ಹಡಗಿನ ದಿಕ್ಸೂಚಿಯನ್ನು ಜೇಮ್ಸ್ ವೈಟ್ ಎಂಬ ಉಪಕರಣ ತಯಾರಕರ ಕಂಪನಿ ಮಾಡುತ್ತಿತ್ತು. ಕಂಪನಿಯ ಹೆಸರು ಕಾಲಕ್ಕೆ ತಕ್ಕಂತೆ ಬದಲಾದದ್ದು ಸಂಗ್ರಾಹಕರ ಪಾಲಿಗೆ ವರ. ಬರೀ ಜೇಮ್ಸ್ ವೈಟ್ ಎಂದಿದ್ದರೆ 1900ಕ್ಕೆ ಮುಂಚಿನದು, ಕೆಲ್ವಿನ್ ಅಂಡ್ ಜೇಮ್ಸ್ ವೈಟ್ ಎಂದಿದ್ದರೆ 1900ರಿಂದ 1913ರ ನಡುವಿನದು, ಕೆಲ್ವಿನ್ ಬಾಟಮ್ಲಿ ಅಂಡ್ ಬೇರ್ಡ್ ಎಂದಿದ್ದರೆ ಆ ನಂತರದ್ದು. ಹೆನ್ರಿ ಹ್ಯೂಸ್ ಕಂಪನಿಯೊಡನೆ ಸೇರಿ ಕೆಲ್ವಿನ್ ಅಂಡ್ ಹ್ಯೂಸ್ ಎಂಬ ಹೆಸರು ಬಂದದ್ದು 1947ರಲ್ಲಿ. ಇಷ್ಟು ತಿಳಿದ ಮೇಲೆ, ನಮ್ಮ ದೇಶದಲ್ಲೂ ಅಂತರಜಾಲದಲ್ಲೂ ಎಲ್ಲೆಲ್ಲೂ ಕಾಣುವ, ಮರದ ಪೆಟ್ಟಿಗೆಯೊಳಗಿನ ಹಿತ್ತಾಳೆ ಸೆಕ್ಸ್‌ಟಂಟ್ (ಸೂರ್ಯ, ನಕ್ಷತ್ರಗಳ ಕೋನ ಅಳೆದು ಹಡಗಿನ ನೆಲೆ ತಿಳಿಯುವ ಉಪಕರಣ) ಮೇಲೆ ‘ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917’ ಎಂದು ಕೆತ್ತಿದ್ದನ್ನು ಓದಿ ನೋಡಿ. ಆ ಹೆಸರು ಹುಟ್ಟಲು ಆಗ ಇನ್ನೂ ಮೂವತ್ತು ವರ್ಷ ಬಾಕಿ ಇತ್ತು. ಅಲಂಕಾರದ ವಸ್ತುವಾಗಿ ಅದಕ್ಕೊಂದು ಬೆಲೆ ಇದೆ, ಪ್ರಾಚೀನ ವಸ್ತುವಾಗಿ ಇಲ್ಲ.

ಕೆಲ್ವಿನ್ ದಿಕ್ಸೂಚಿಯ ಪೂರ್ತಿ ಪೀಠ, ಎರಡು ಪಕ್ಕದ ಕಬ್ಬಿಣದ ಗುಂಡುಗಳೊಡನೆ, ಎದೆಯೆತ್ತರ ನಿಲ್ಲುತ್ತದೆ; ಬಂಗಲೆಯಿದ್ದವರಿಗಷ್ಟೇ ಅದು ಸರಿ. ಫ್ಲ್ಯಾಟಿನಲ್ಲಿರುವವರಿಗೆ ಗ್ಲಾಸ್ಗೊದ ಬಾರ್ ಅಂಡ್ ಸ್ಟ್ರೌಡ್ ಕಂಪನಿಯ ದುರ್ಬೀನು ಒಳ್ಳೆಯ ಆಯ್ಕೆ. ದೂರ ಅಳೆಯುವ ಉಪಕರಣಗಳಿಂದ ಹೆಸರು ಮಾಡಿದ ಈ ಕಂಪನಿ ಬ್ರಿಟಿಷ್ ನೌಕಾಪಡೆಗೆ ಕೊಟ್ಟ ‘ಸಿಎಫ್ 41’ ಮಾದರಿಯ ಏಳು ಪಟ್ಟಿನ ದುರ್ಬೀನಿನ ಮೇಲೆ ಹೆಸರು, ಸಂಖ್ಯೆ, ಸರ್ಕಾರಿ ಆಸ್ತಿಯೆಂದು ಸೂಚಿಸುವ ಬಾಣದ ಗುರುತು ಎಲ್ಲವೂ ಇರುತ್ತವೆ, ಮತ್ತು ಅದು ಇಂದಿಗೂ ಕೆಲಸ ಮಾಡುತ್ತದೆ. ಶತ್ರು ಒಂದೇ, ಗಾಜಿನೊಳಗೆ ಬೆಳೆಯುವ ಬೂಷ್ಟು. ಕೊಳ್ಳುವ ಮುನ್ನ ದೊಡ್ಡ ಗಾಜಿನ ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬಿಟ್ಟುಬಿಡಿ, ಕರಾವಳಿಯಲ್ಲಿರುವವರಂತೂ ಎರಡನೆಯ ಯೋಚನೆಯನ್ನೇ ಮಾಡಬೇಡಿ.

ಕತ್ತಲಲ್ಲಿ ಹೊಳೆಯುವಂತೆ ಬಣ್ಣ ಬಳಿದ ಹಳೆಯ ದಿಕ್ಸೂಚಿ, ಮಾಪಕಗಳಲ್ಲಿ ರೇಡಿಯಂ ಇರುವುದುಂಟು. ಈಗ ಹೊಳೆಯುತ್ತಿಲ್ಲವೆಂದರೆ ಬಣ್ಣದ ರಾಸಾಯನಿಕ ಸತ್ತಿದೆ ಎಂದಷ್ಟೇ ಅರ್ಥ. ರೇಡಿಯಂನ ಅರ್ಧಾಯುಷ್ಯ 1600 ವರ್ಷ. ಅಂಥದ್ದನ್ನು ಬಿಚ್ಚಬಾರದು, ಉಜ್ಜಬಾರದು, ಮಕ್ಕಳಿರುವ ಮನೆಗೆ ತರಲೇಬಾರದು.

ಗಣಿಯ ಬಿಲ್ಲೆ, ಸುಟ್ಟ ಇಟ್ಟಿಗೆ, ಎರಕದ ಕಬ್ಬಿಣ

ಕಲ್ಲಿದ್ದಲು ಗಣಿಗೆ ಇಳಿಯುವ ಕೆಲಸಗಾರ ತನ್ನ ಸಂಖ್ಯೆಯ ಹಿತ್ತಾಳೆ ಬಿಲ್ಲೆಯನ್ನು ಕೊಟ್ಟು ದೀಪ ಪಡೆಯುತ್ತಿದ್ದ. ಯಾರು ಕೆಳಗಿದ್ದಾರೆ, ಯಾರು ಮೇಲೆ ಬಂದಿದ್ದಾರೆ ಎಂಬ ಲೆಕ್ಕ ಆ ಬಿಲ್ಲೆಗಳಿಂದಲೇ ಸಿಗುತ್ತಿತ್ತು. ಅಂಗೈಯಲ್ಲಿ ಹಿಡಿಸುವ, ಹತ್ತಾರು ಪೌಂಡಿಗೆ ಸಿಗುವ, ಒಬ್ಬ ಮನುಷ್ಯನ ಸಂಖ್ಯೆ ಹೊತ್ತ ಈ ವಸ್ತುವಿಗಿಂತ ಮನಸ್ಸು ತಟ್ಟುವುದು ಈ ಪಟ್ಟಿಯಲ್ಲಿ ಬೇರೆ ಇಲ್ಲ. ಆದರೆ ನಕಲಿನ ಅಳತೆಯಲ್ಲಿ ಇದು ಎಲ್ಲಕ್ಕಿಂತ ಕೆಳಗೆ. ಹಿತ್ತಾಳೆ ತಗಡು ಕತ್ತರಿಸಿ ಅಕ್ಷರದ ಮೊಳೆ ಹೊಡೆಯಲು ಯಾವ ಕೌಶಲವೂ ಬೇಡ, ಮತ್ತು ಲೇಡಿ ವಿಕ್ಟೋರಿಯಾದಂಥ ಹೆಸರಾಂತ ಗಣಿಗಳ ಬಿಲ್ಲೆಗಳನ್ನೇ ಹೆಚ್ಚು ಜನ ಕೇಳುವುದರಿಂದ ಸುಳ್ಳು ಬಿಲ್ಲೆಗಳೂ ಅವುಗಳದ್ದೇ ಹೆಚ್ಚು. ನ್ಯೂಟನ್‌ಗ್ರೇಂಜಿನ ಆ ಗಣಿ 1981ರಲ್ಲಿ ಮುಚ್ಚಿ, ಈಗ ಸ್ಕಾಟ್ಲೆಂಡಿನ ರಾಷ್ಟ್ರೀಯ ಗಣಿಗಾರಿಕೆ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಅಸಲಿ ಬಿಲ್ಲೆಗಳನ್ನು ಕಣ್ಣಾರೆ ನೋಡಿ ಬಂದು ಆಮೇಲೆ ಕೊಳ್ಳುವುದು ಲೇಸು. ಗಣಿಗಳ ರಾಷ್ಟ್ರೀಕರಣ ಜಾರಿಗೆ ಬಂದದ್ದು 1947ರ ಜನವರಿ 1ರಂದು. ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಮೊದಲಕ್ಷರಗಳಿರುವ (ಎನ್‌ಸಿಬಿ) ಬಿಲ್ಲೆಯನ್ನು ಅದಕ್ಕಿಂತ ಹಳೆಯದೆಂದು ಯಾರಾದರೂ ಹೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಸುರಕ್ಷಾ ದೀಪಗಳನ್ನು ನಾನು ಶಿಫಾರಸು ಮಾಡುವುದಿಲ್ಲ. ಮಾರುಕಟ್ಟೆಯಲ್ಲಿ ಕಾಣುವ ಹೆಚ್ಚಿನವು ಇಂಗ್ಲೆಂಡ್ ಮತ್ತು ವೇಲ್ಸ್ ಕಂಪನಿಗಳವು, ಉಳಿದವುಗಳಲ್ಲಿ ಅನೇಕವು ಅಲಂಕಾರಕ್ಕೆ ಮಾಡಿದವು.

ಎಲ್ಲಕ್ಕಿಂತ ಅಗ್ಗದ ದಾರಿ ಇಟ್ಟಿಗೆ. ನಗಬೇಡಿ. ಕುಲುಮೆಗೆ ಬೇಕಾದ ಬೆಂಕಿ ತಾಳುವ ಇಟ್ಟಿಗೆಗಳನ್ನು ಸ್ಕಾಟ್ಲೆಂಡ್ ಜಗತ್ತಿಗೆಲ್ಲ ಕಳಿಸಿತು, ಗ್ಲೆನ್‌ಬೊಯ್ಗ್, ಗಾರ್ನ್‌ಕರ್ಕ್ ಮೊದಲಾದ ಹೆಸರುಗಳು ಇಟ್ಟಿಗೆಯ ಮೈಯಲ್ಲೇ ಆಳವಾಗಿ ಒತ್ತಿರುತ್ತವೆ, ಮತ್ತು ಯಾರೂ ಇನ್ನೂ ಅವನ್ನು ನಕಲು ಮಾಡುವಷ್ಟು ಬೆಲೆ ಬಂದಿಲ್ಲ. ಹಳೆಯ ಬಾಯ್ಲರ್ ಮನೆ, ಎರಕಶಾಲೆ ಕೆಡವುವ ಕಡೆ ಮಾಲೀಕರ ಒಪ್ಪಿಗೆ ಪಡೆದು ಹುಡುಕಬಹುದು. ತೂಕವೊಂದೇ ಅಡ್ಡಿ, ಹತ್ತು ಇಟ್ಟಿಗೆ ಸೇರಿದರೆ ಅಟ್ಟ ಆ ಭಾರವನ್ನು ತಡೆಯುತ್ತದೆಯೇ ಎಂದು ಯೋಚಿಸಬೇಕಾಗುತ್ತದೆ.

ಸ್ಯಾರಸೆನ್ ಫೌಂಡ್ರಿಯ ಬೇಲಿ, ಕಾರಂಜಿ, ದೀಪದ ಕಂಬಗಳು ದೊಡ್ಡ ತೋಟವಿದ್ದವರ ಆಟ. ಮ್ಯಾಕ್‌ಫರ್ಲೇನ್ ಕಂಪನಿ ಪ್ರತಿ ವಿನ್ಯಾಸಕ್ಕೂ ಸಂಖ್ಯೆ ಕೊಟ್ಟು ಸಚಿತ್ರ ಕ್ಯಾಟಲಾಗಿನಲ್ಲಿ ಮುದ್ರಿಸುತ್ತಿತ್ತಾದ್ದರಿಂದ ತುಂಡನ್ನು ಪುಟದೊಡನೆ ಹೊಂದಿಸುವ ಸುಖ ಇಲ್ಲಿದೆ. ಆದರೆ ಭಾರತದಲ್ಲಿ ಕಟ್ಟಡದಿಂದ ಕಿತ್ತ, ನೂರು ವರ್ಷ ದಾಟಿದ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಪುರಾತನ ವಸ್ತುವೆನಿಸಬಹುದು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ, ಪರವಾನಗಿ ಇಲ್ಲದವರು ವ್ಯಾಪಾರ ಮಾಡುವಂತಿಲ್ಲ. ಕ್ಯಾರನ್ ಮತ್ತು ಕರ್ಕಿನ್‌ಟಿಲಾಕಿನ ಲಯನ್ ಫೌಂಡ್ರಿ ಎರಕ ಹೊಯ್ದ ಕೆಂಪು ಟೆಲಿಫೋನ್ ಗೂಡಿನ ಬಗ್ಗೆಯೂ ಕೇಳುತ್ತಾರೆ. ಮುಕ್ಕಾಲು ಟನ್ನಿನ ಹತ್ತಿರ ತೂಗುವ ಅದನ್ನು ಹಡಗಿನಲ್ಲಿ ತರಿಸುವ ಖರ್ಚಿಗೆ ಒಂದು ಒಳ್ಳೆಯ ಎಂಜಿನ್ ಫಲಕವೇ ಬರುತ್ತದೆ.

ಕಾಗದ

ಹಣ ಕಡಿಮೆ, ಜಾಗ ಕಡಿಮೆ, ಕುತೂಹಲ ಹೆಚ್ಚು ಎನ್ನುವವರಿಗೆ ಕಾಗದದಷ್ಟು ಒಳ್ಳೆಯ ಕ್ಷೇತ್ರವಿಲ್ಲ. ಕ್ಯಾಲಿಡೋನಿಯನ್ ರೈಲ್ವೆಯಂಥ ಕಂಪನಿಗಳ ಷೇರು ಪತ್ರ, ಎಂಜಿನಿಯರಿಂಗ್ ಕ್ಯಾಟಲಾಗು, 1890ರ ಮಾರ್ಚಿನಲ್ಲಿ ತೆರೆದ ಫೋರ್ತ್ ಸೇತುವೆಯ ಚಿತ್ರಗಳು, 1888, 1901 ಮತ್ತು 1938ರ ಗ್ಲಾಸ್ಗೊ ಪ್ರದರ್ಶನಗಳ ಟಿಕೆಟ್ಟು, ಪುಸ್ತಿಕೆಗಳು ಲಕೋಟೆಯಲ್ಲಿ ಅಂಚೆಯ ಮೂಲಕ ಬರುತ್ತವೆ. ಗ್ಲಾಸ್ಗೊ ವಿಶ್ವವಿದ್ಯಾಲಯದ ಸ್ಕಾಟಿಷ್ ಬಿಸಿನೆಸ್ ಆರ್ಕೈವ್‌ನಲ್ಲಿ ಕಂಪನಿಗಳ ಮೂಲ ದಾಖಲೆಗಳಿರುವುದರಿಂದ ನಿಮ್ಮ ಕೈಯಲ್ಲಿರುವ ಚೂರಿನ ಪೂರ್ವಾಪರ ಹುಡುಕಲು ದಾರಿಯೂ ಇದೆ.

ಇವುಗಳಲ್ಲಿ ಭಾರತದವರು ವಿಶೇಷವಾಗಿ ಗಮನಿಸಬೇಕಾದದ್ದು ಬಟ್ಟೆಯ ಚೀಟಿಗಳು. ಗ್ಲಾಸ್ಗೊದ ವಾಯವ್ಯಕ್ಕಿರುವ ಲೆವೆನ್ ಕಣಿವೆಯ ಕಾರ್ಖಾನೆಗಳು ನೂಲು ಮತ್ತು ಬಟ್ಟೆಗೆ ಕಡುಗೆಂಪು ಬಣ್ಣ ಹಾಕಿ ನಮ್ಮ ಬಂದರುಗಳಿಗೆ ಕಳಿಸುತ್ತಿದ್ದವು. 1890ರ ದಶಕದ ಕೊನೆಯಲ್ಲಿ ಅವು ಸೇರಿ ಯುನೈಟೆಡ್ ಟರ್ಕಿ ರೆಡ್ ಕಂಪನಿಯಾಯಿತು. ಪ್ರತಿ ಕಟ್ಟಿನ ಮೇಲೂ ಅಂಟಿಸುತ್ತಿದ್ದ ವರ್ಣರಂಜಿತ ಚೀಟಿಯಲ್ಲಿ ಕೃಷ್ಣ, ಲಕ್ಷ್ಮಿ, ಆನೆ, ನವಿಲುಗಳಿರುತ್ತಿದ್ದವು, ಏಕೆಂದರೆ ಇಂಗ್ಲಿಷ್ ಓದಲಾರದ ಗಿರಾಕಿ ಚಿತ್ರ ನೋಡಿಯೇ ಸರಕನ್ನು ಗುರುತಿಸಬೇಕಿತ್ತು. ಬೆಂಗಳೂರಿನ ಮ್ಯಾಪ್ ಕಲಾ ಸಂಗ್ರಹಾಲಯದಲ್ಲಿ ಇಂಥ ಚೀಟಿಗಳ ದೊಡ್ಡ ಸಂಗ್ರಹವಿದೆ. ಎಚ್ಚರಿಕೆ ಇಷ್ಟೇ: ಮ್ಯಾಂಚೆಸ್ಟರಿನ ಚೀಟಿಗಳು ಇವಕ್ಕಿಂತ ಹೆಚ್ಚು ಸಂಖ್ಯೆಯಲ್ಲಿವೆ, ಕಂಪನಿಯ ಹೆಸರು ಓದದೆ ಎಲ್ಲವನ್ನೂ ಸ್ಕಾಟ್ಲೆಂಡಿನದೆಂದು ಮಾರುವವರಿದ್ದಾರೆ.

ನಕಲು ಪತ್ತೆಗೆ ಹತ್ತು ಪಟ್ಟಿನ ಭೂತಗನ್ನಡಿ ಸಾಕು. ಹಳೆಯ ಕಲ್ಲಚ್ಚಿನಲ್ಲಿ ದೇವಿಯ ಕೆನ್ನೆಯ ಗುಲಾಬಿ ಬಣ್ಣ ಕೈಯಿಂದ ಇಟ್ಟ ಚುಕ್ಕಿಗಳಿಂದಾದದ್ದು. ಚುಕ್ಕಿಗಳು ಒಂದರಂತೆ ಒಂದಿಲ್ಲ, ಸಾಲಾಗಿಯೂ ಇಲ್ಲ, ಕೆಂಪು ಬಣ್ಣ ಒಂದು ಕೂದಲೆಳೆಯಷ್ಟು ಗೆರೆ ದಾಟಿ ಕೂತಿರುತ್ತದೆ. ಈಚಿನ ಆಫ್‌ಸೆಟ್ ಮುದ್ರಣದಲ್ಲಿ ಅದೇ ಕೆನ್ನೆ ನಾಲ್ಕು ಬಣ್ಣಗಳ ಚುಕ್ಕಿಗಳು ಅಚ್ಚುಕಟ್ಟಾಗಿ ಹೆಣೆದ ಜಾಲವಾಗಿ ಕಾಣುತ್ತದೆ. ಕಾಪಾಡುವುದು ಮಾತ್ರ ಕಷ್ಟ: ಪುಸ್ತಕದ ಹುಳು, ತೇವ, ಬಿಸಿಲು ಮೂರೂ ಸೇರಿ ಕಾಗದವನ್ನು ತಿನ್ನುತ್ತವೆ. ಪಿವಿಸಿ ಹಾಳೆಯ ಆಲ್ಬಮ್ಮು ಬೇಡ, ಪಾಲಿಯೆಸ್ಟರ್ ಹೊದಿಕೆ ಮತ್ತು ಆಮ್ಲವಿಲ್ಲದ ರಟ್ಟು ಬಳಸಿ, ಲ್ಯಾಮಿನೇಷನ್ ಮಾಡಿಸುವ ಯೋಚನೆಯನ್ನೇ ಬಿಡಿ.

ಸ್ಕಾಟ್ಲೆಂಡಿನಲ್ಲೇ ಇದ್ದು ಹುಡುಕುವವರಿಗೆ

ಅಲ್ಲಿನ ಹಾಳುಬಿದ್ದ ಕಾರ್ಖಾನೆ, ಗಣಿದಿಬ್ಬಗಳಲ್ಲಿ ಓಡಾಡುವಾಗ ಕಂಡದ್ದನ್ನು ಚೀಲಕ್ಕೆ ಹಾಕಿಕೊಳ್ಳುವುದು ಅಪರಾಧವಾದೀತು. ಸಂರಕ್ಷಿತ ಸ್ಮಾರಕಗಳಿಂದ ಏನನ್ನೂ ತೆಗೆಯುವಂತಿಲ್ಲ. ನೆಲದಲ್ಲಿ ಸಿಕ್ಕ ಮಹತ್ವದ ಒಡೆಯರಿಲ್ಲದ ವಸ್ತು ಸ್ಕಾಟ್ಲೆಂಡಿನ ಕಾನೂನಿನ ಪ್ರಕಾರ ರಾಜಸತ್ತೆಯ (ಕ್ರೌನ್) ಸ್ವತ್ತು, ಸಿಕ್ಕವರದಲ್ಲ. ಮುಳುಗಿದ ಹಡಗಿನಿಂದ ಏನು ತಂದರೂ 28 ದಿನದೊಳಗೆ ‘ರಿಸೀವರ್ ಆಫ್ ರೆಕ್’ ಎಂಬ ಅಧಿಕಾರಿಗೆ ತಿಳಿಸಬೇಕು. ಮನೆಗೆ ಹಿಂದಿರುಗುವಾಗ ಸಾಗಿಸುವುದಾದರೆ, 50 ವರ್ಷ ಮೀರಿದ ಮತ್ತು ನಿಗದಿತ ಮೌಲ್ಯಕ್ಕಿಂತ ಹೆಚ್ಚಿನ ವಸ್ತುಗಳಿಗೆ ರಫ್ತು ಪರವಾನಗಿ ಬೇಕು. ದಂತದ ಅಳತೆಪಟ್ಟಿ, ದಂತದ ಹಿಡಿಯ ಉಪಕರಣಗಳ ಮಾರಾಟಕ್ಕೂ ಸಾಗಣೆಗೂ ಬಿಗಿಯಾದ ನಿರ್ಬಂಧಗಳಿವೆ. ಪಾದರಸ ತುಂಬಿದ ಹಳೆಯ ವಾಯುಭಾರ ಮಾಪಕವನ್ನು ವಿಮಾನದ ಸಾಮಾನಿನಲ್ಲಿ ಒಯ್ಯುವಂತಿಲ್ಲ.

ಯಾರಿಗೆ ಯಾವುದು

ಕೆಲವು ಸಾವಿರ ರೂಪಾಯಿಯಲ್ಲಿ ಆರಂಭಿಸುವವರು ಚೀಟಿ, ಪೋಸ್ಟ್‌ಕಾರ್ಡು, ಕ್ಯಾಟಲಾಗಿನ ಬಿಡಿ ಹಾಳೆಗಳಿಂದ ಆರಂಭಿಸಲಿ. ಭೂತಗನ್ನಡಿ ಹಿಡಿದು ನೋಡುವ ಅಭ್ಯಾಸ ಅಲ್ಲಿ ಬೆಳೆದರೆ ಮುಂದೆ ಲೋಹಕ್ಕೆ ಬಂದಾಗಲೂ ಉಪಯೋಗಕ್ಕೆ ಬರುತ್ತದೆ. ಯಂತ್ರ ಬಿಚ್ಚಿ ಕೂಡಿಸುವ ಕೈಯುಳ್ಳವರಿಗೆ, ಕೆಲಸ ಮಾಡುವ ವಸ್ತು ಬೇಕೆನ್ನುವವರಿಗೆ ಕಿಲ್‌ಬೋವಿಯ ಸಿಂಗರ್‌ಗೆ ಸಾಟಿಯಿಲ್ಲ, ಮತ್ತು ಅಜ್ಜಿಯ ಯಂತ್ರದಲ್ಲಿ ‘ಕೆ’ ಅಕ್ಷರವಿದ್ದರೆ ಖರ್ಚೂ ಇಲ್ಲ. ಬ್ರಿಟನ್ನಿನಲ್ಲಿ ಎರಡು ಮೂರು ವರ್ಷವಷ್ಟೇ ಇದ್ದು ಹಿಂದಿರುಗುವವರು ದುರ್ಬೀನು, ಕಾಗದ, ಪರಿಚಿತ ಮೂಲದ ಗಣಿ ಬಿಲ್ಲೆಗಳಾಚೆ ಹೋಗದಿರುವುದು ಕ್ಷೇಮ. ಲಕ್ಷಕ್ಕೂ ಮೀರಿ ಖರ್ಚು ಮಾಡಬಲ್ಲವರು ಹತ್ತು ಸಾಧಾರಣ ವಸ್ತು ಕೊಳ್ಳುವ ಬದಲು ಒಂದು ಎಂಜಿನ್ ಫಲಕ ಕೊಳ್ಳಲಿ ಎಂಬುದು ನನ್ನ ಖಚಿತ ಅಭಿಪ್ರಾಯ, ಆದರೆ ಮೊದಲ ವರ್ಷ ಹರಾಜಿನ ಫಲಿತಾಂಶಗಳನ್ನು ಓದುತ್ತ, ಅಳತೆಗಳನ್ನು ಬರೆದಿಡುತ್ತ, ಕೈ ಕಟ್ಟಿ ಕೂರಬೇಕು. ಹಣ ಪಾವತಿಸುವ ಮುನ್ನ ಮಾರುವವರಿಂದ ಮೂರನ್ನು ಕೇಳಿ ಪಡೆಯಿರಿ: ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದ ಮುಂಭಾಗದ ಚಿತ್ರ, ಹಿಂಭಾಗದ ಚಿತ್ರ, ಮತ್ತು ಅವರಿಗೆ ಆ ಫಲಕ ಯಾರಿಂದ ಬಂತೆಂಬುದರ ರಸೀದಿ. ಮೂರರಲ್ಲಿ ಒಂದನ್ನು ಕೊಡಲು ಸಬೂಬು ಹೇಳಿದರೂ ಮುಂದಿನ ಹರಾಜಿಗೆ ಕಾಯಿರಿ.